ವಾಡಿಯಲ್ಲಿ ನಿಂತು ಹೋದ ಸೈನಿಕರ ಗಾಡಿ

೧೯೭೨ರ ಫೆಬ್ರುವರಿ ತಿಂಗಳ ಒಂದು ಬುಧವಾರ ಮಧ್ಯಾಹ್ನ, ಯುದ್ಧ ಮುಗಿಸಿ ಮರಳುತ್ತಿದ್ದ ಸೈನಿಕರ ವಿಶೇಷ ಗಾಡಿಯೊಂದು ವಾಡಿ ಜಂಕ್ಷನ್ನಿನಲ್ಲಿ ಅರ್ಧ ಗಂಟೆಯಷ್ಟು ನಿಂತು ಸೇಡಂ ಕಡೆಗೆ ಹೊರಟುಹೋಯಿತು. ಸ್ವಾಗತಿಸಬೇಕಿದ್ದ ನಾಯಕರು ಗಾಡಿ ಹೋದ ಮೇಲೆ ಬಂದರು. ಗಾಡಿಯಲ್ಲಿದ್ದ ಭಂಕೂರಿನ ಸಿಪಾಯಿಗೂ ಅವನನ್ನು ನೋಡಲು ಬಂದಿದ್ದ ತಾಯಿಗೂ ಭೇಟಿಯಾಗಲಿಲ್ಲ. ಭೇಟಿಯಾಯಿತೆಂದು ನಮ್ಮ ಪತ್ರಿಕೆಯ ಶುಕ್ರವಾರದ ಸಂಚಿಕೆಯಲ್ಲಿ ಚಿತ್ರಸಮೇತ ಅಚ್ಚಾಯಿತು.

ಆಗ ನಾನು ಹುಬ್ಬಳ್ಳಿಯಿಂದ ಹೊರಡುತ್ತಿದ್ದ ದಿನಪತ್ರಿಕೆಯೊಂದಕ್ಕೆ ಶಹಾಬಾದಿನಲ್ಲಿ ಕೋಣೆ ಹಿಡಿದುಕೊಂಡು ಸುದ್ದಿ ಕಳಿಸುತ್ತಿದ್ದೆ. ಚಿತ್ತಾಪುರ, ಸೇಡಂ, ಚಿಂಚೋಳಿ ಮೂರೂ ತಾಲ್ಲೂಕುಗಳು ನನ್ನ ಪಾಲಿಗಿದ್ದವು. ಸುದ್ದಿ ಹೋಗಲು ಎರಡು ದಾರಿ. ಸಾಮಾನ್ಯ ಸುದ್ದಿಯನ್ನು ಲಕೋಟೆಯಲ್ಲಿ ಹಾಕಿ ಸಂಜೆಯ ಗಾಡಿಯ ಗಾರ್ಡನ ಕೈಗೆ ಕೊಡುತ್ತಿದ್ದೆ. ಅದು ಮರುದಿನ ಹುಬ್ಬಳ್ಳಿ ಮುಟ್ಟಿ, ಅದರ ಮರುದಿನ ಅಚ್ಚಾಗುತ್ತಿತ್ತು. ತುರ್ತು ಸುದ್ದಿಯಾದರೆ ತಾರು. ಕನ್ನಡ ವಾಕ್ಯವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಕೊಡಬೇಕಿತ್ತು. ತಾರಿನ ಮಾಸ್ತರರು ಅದನ್ನು ಜೋರಾಗಿ ಓದಿ, "ಇದೇನ್ ಭಾಷಾರಿ ಸಾಹೇಬ್ರ, ಹಿಂಗ ಓದಿದ್ರ ನಮ್ಮವ್ವಗೂ ತಿಳಿಯಂಗಿಲ್ಲ" ಎಂದು ನಗುತ್ತಿದ್ದರು.

ಯುದ್ಧ ಶುರುವಾದ ದಿನಗಳಲ್ಲಿ ಕಚೇರಿಯಿಂದ ಒಂದು ಆದೇಶ ಬಂದಿತ್ತು. ಸೈನ್ಯದ ಗಾಡಿ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು, ಯಾವ ಪಡೆ, ಎಷ್ಟು ಡಬ್ಬಿ, ಯಾವುದನ್ನೂ ಬರೆಯಕೂಡದು. ಡಿಸೆಂಬರಿನಲ್ಲಿ ಯುದ್ಧ ಮುಗಿಯಿತು. ಆದೇಶವನ್ನು ಯಾರೂ ಹಿಂದಕ್ಕೆ ಪಡೆದಿರಲಿಲ್ಲ.

ಫೆಬ್ರುವರಿ ಹೊತ್ತಿಗೆ ವಿಧಾನಸಭೆಯ ಚುನಾವಣೆ ಹತ್ತಿರವಾಗಿತ್ತು. ಶಹಾಬಾದಿನ ಕಲ್ಲು ಮಾರುವ ಅಡತಿ ಅಂಗಡಿಗಳ ಗೋಡೆಗಳ ಮೇಲೆ ಹಳೆಯ ಚಿಹ್ನೆಗಳನ್ನು ಅಳಿಸಿ ಹೊಸ ಚಿಹ್ನೆ ಬರೆಯುತ್ತಿದ್ದರು. ಎಲ್ಲ ಪಕ್ಷದವರ ಭಾಷಣದಲ್ಲೂ ಯುದ್ಧದ ಗೆಲುವು ಇರುತ್ತಿತ್ತು. ಮೂರು ತಾಲ್ಲೂಕುಗಳ ಸಭೆಗಳಿಗೆ ಬಸ್ಸಿನಲ್ಲಿ, ಲಾರಿಯಲ್ಲಿ, ಒಮ್ಮೊಮ್ಮೆ ಎತ್ತಿನ ಬಂಡಿಯಲ್ಲಿ ಹೋಗಿ ಅದೇ ಭಾಷಣಗಳನ್ನು ಬರೆದುಕೊಂಡು ಬರುವುದೇ ನನ್ನ ಕೆಲಸವಾಗಿತ್ತು. ಕೊನೆಕೊನೆಗೆ ಭಾಷಣ ಶುರುವಾಗುವ ಮೊದಲೇ ಅರ್ಧ ವರದಿ ಮನಸ್ಸಿನಲ್ಲಿ ಸಿದ್ಧವಾಗಿರುತ್ತಿತ್ತು.

ನಾನು ಹೇಳುತ್ತಿರುವ ನಾಯಕರು ಆ ಗುಂಪಿನಲ್ಲಿ ಬೇರೆಯವರೆಂದು ನಮ್ಮ ಕಡೆ ಹೆಸರಾಗಿತ್ತು. ನಿಜಾಮರ ಆಳ್ವಿಕೆಯಲ್ಲಿ ಜೈಲು ಕಂಡವರು. ೧೯೪೮ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ಮುಗಿದಾಗ, ಜೋಳದ ಚೀಲದಲ್ಲಿ ಬಾವುಟ ಇಟ್ಟುಕೊಂಡು ಹಳ್ಳಿಹಳ್ಳಿ ನಡೆದು ಏರಿಸಿದವರು. ನಾನು ಚಿತ್ತಾಪುರದಲ್ಲಿ ಓದುತ್ತಿದ್ದಾಗ ಅವರ ಮಾತು ಕೇಳಲು ಗುಂಡಗುರ್ತಿಯವರೆಗೆ ಹೋದದ್ದುಂಟು. ಈ ಚುನಾವಣೆಯಲ್ಲಿ ಅವರು ಅಭ್ಯರ್ಥಿಯಾಗಿದ್ದರು.

ಅವರ ಸ್ವಾಗತ ಸಮಿತಿಯ ಕಾರ್ಯದರ್ಶಿ ಒಂದು ಸಂಜೆ ನನ್ನ ಕೋಣೆಗೆ ಬಂದರು. ವಾಡಿಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದವರು, ಯಾವಾಗಲೂ ಅವಸರದ ಮನುಷ್ಯ.

"ಬುಧವಾರ ವಾಡಿಗಿ ಬರ್ರಿ. ನಮ್ಮ ಜವಾನರ ಗಾಡಿ ಬರ್ಲಿಕತ್ತದ. ಭಂಕೂರದ ಹುಡುಗ ಒಬ್ಬಾಂವ ಅದರಾಗ ಇದ್ದಾನ. ಅವರವ್ವನ್ನ ಸ್ಟೇಜ್ ಮ್ಯಾಲ ಕುಂದರಸ್ತೀವಿ, ಸಾಹೇಬ್ರ ಮುಂದ ಆಕಿ ಮಗಗ ಹಾರ ಹಾಕ್ತಾಳ. ಫಸ್ಟ್ ಪೇಜಿನ ಸುದ್ದಿರಿ ಇದು."

ಸುದ್ದಿ ಹೌದಾಗಿತ್ತು. ಆದರೆ ಅವರ ಮಾತಿನ ಮೇಲೆ ಬರೆಯುವಂತಿರಲಿಲ್ಲ. ಮರುದಿನ ಬೆಳಿಗ್ಗೆ ಭಂಕೂರಿಗೆ ಹೋದೆ.

ತಾಯಿಯ ಮನೆ ಊರಿನ ಹೊರಗೆ, ಕಲ್ಲಿನ ಗಣಿಗಳಿಗೆ ಹೋಗುವ ದಾರಿಯಲ್ಲಿತ್ತು. ಗಂಡ ಇಲ್ಲ. ಎರಡೆಕರೆ ಹೊಲ, ಒಂದು ಎಮ್ಮೆ. ನನಗೆ ಕೌದಿ ಹಾಸಿ ಕೂಡಿಸಿ ತಾವು ಹೊಸ್ತಿಲ ಹತ್ತಿರ ಬರಿ ನೆಲದ ಮೇಲೆ ಕೂತರು. ಮಗನ ಜೊತೆಗಾರನೊಬ್ಬ ರಜೆಯ ಮೇಲೆ ಬಂದಾಗ, ತಮ್ಮ ಪಡೆ ಇಂಥ ಹೊತ್ತಿಗೆ ವಾಡಿಯ ಮೇಲೆ ಹಾದುಹೋಗುವುದಾಗಿ ಹೇಳಿದ್ದನಂತೆ. ಮಗನನ್ನು ಕಂಡು ಎರಡು ವರ್ಷದ ಮೇಲಾಗಿತ್ತು. ಯುದ್ಧದ ದಿನಗಳಲ್ಲಿ ಊರಲ್ಲಿ ರೇಡಿಯೋ ಇದ್ದ ಒಂದೇ ಮನೆಯ ಕಟ್ಟೆಯ ಮೇಲೆ ಹೋಗಿ ಕೂಡುತ್ತಿದ್ದರಂತೆ. "ಹಿಂದಿ ನನಗ ತಿಳಿಯಂಗಿಲ್ಲಪ್ಪ. ಹೇಳಾವ್ರ ದನಿ ಹೆಂಗ ಅದ ಅಂತ ಅಷ್ಟ ಕೇಳ್ತಿದ್ದೆ" ಎಂದರು.

ಪ್ಲಾಟ್‌ಫಾರ್ಮಿಗೆ ನೇರವಾಗಿ ಹೋಗಿ ಮಗನನ್ನು ನೋಡುವುದು ಒಳ್ಳೆಯದಲ್ಲವೇ ಎಂದು ಕೇಳಿದೆ.

"ನಾನೂ ಹಂಗ ಅಂದ್ಕೊಂಡಿದ್ದೆ. ಹಿಂಗ ಹೋಗಿ ಹಿಂಗ ರೊಟ್ಟಿ ಕೊಟ್ಟು ಬರಾಮು ಅಂತ. ಸಾಹೇಬ್ರು ಖುದ್ದ ಮನಿತನ ಬಂದ್ರು. ನಮ್ಮೂರಿಗಿ ಝಂಡಾ ತಂದವ್ರು ಅವರು. ಆವತ್ತ ನಮ್ಮ ಮಾವ ಅವರಿಗಿ ಅಂಬಲಿ ಕುಡಿಸಿದ್ದ. 'ಅವ್ವ, ನಿನ್ನ ಮಗ ದೇಶದ ಮಗ, ನಾಲ್ಕು ಮಂದಿ ಮುಂದ ಹಾರ ಹಾಕು' ಅಂದ್ರು. ಒಲ್ಲೆ ಅನ್ಲಿಕ್ಕೆ ಬಾಯಿ ಬರ್ಲಿಲ್ಲ."

ಸೋಮವಾರ ವಾಡಿಗೆ ಹೋಗಿ ಸ್ಟೇಶನ್ ಮಾಸ್ತರರನ್ನು ಕಂಡೆ. ವಿಶೇಷ ಗಾಡಿಯ ವೇಳೆ ಕೇಳಿದೆ.

"ಯಾವ ಗಾಡಿರಿ? ನನಗೇನೂ ಮಾಲೂಮಿಲ್ಲ" ಎಂದು ಕಡತ ತಿರುವುತ್ತಾ ಹೇಳಿದರು. ಆಮೇಲೆ ಕಡತ ಮುಚ್ಚಿ, "ಬುಧವಾರ ಮಧ್ಯಾಹ್ನ ಚಾ ಕುಡಿಲಿಕ್ಕ ಬಂದ್ರ ಬ್ಯಾಡ ಅನ್ನಂಗಿಲ್ಲ. ಖರೆ, ಮೊದಲನೇ ಪ್ಲಾಟ್‌ಫಾರಂ ಮ್ಯಾಲ ಕುಂತು ಕಾಯಬ್ಯಾಡ್ರಿ. ಅಂಥಾ ಗಾಡಿ ಇದ್ರ ಅದು ಆ ಕಡಿ ಕೊನಿ ಲೈನಿಗಿ ಹೋಗ್ತದ. ಎಂಜಿನ್ ನೀರು ತುಂಬಕೊಂಡ್ರ ಹೊಂಟುಬಿಡ್ತದ, ಯಾರಪ್ಪ ಬಂದ್ರೂ ನಿಲ್ಲಂಗಿಲ್ಲ" ಎಂದರು.

ಇದನ್ನು ಕಾರ್ಯದರ್ಶಿಗೆ ತಿಳಿಸಿದೆ. ಅವರು ಆ ಹೊತ್ತಿಗೆ ನಿಲ್ದಾಣದ ಹೊರಗೆ, ಲೆವೆಲ್ ಕ್ರಾಸಿಂಗ್ ಗೇಟಿನ ಮಗ್ಗುಲಿನ ಬಯಲಿನಲ್ಲಿ ಬಿದಿರು ನೆಡಿಸುತ್ತಿದ್ದರು. ವೇದಿಕೆ ಅಲ್ಲಿಯೇ ಎಂದು ಗೊತ್ತಾಯಿತು. ಪ್ಲಾಟ್‌ಫಾರ್ಮಿನ ಮೇಲೆ ರಾಜಕೀಯ ಸಭೆಗೆ ಅನುಮತಿ ಸಿಕ್ಕಿರಲಿಲ್ಲ.

"ಸೈನಿಕರು ನಿಲ್ದಾಣ ಬಿಟ್ಟು ಹೊರಗೆ ಬರುವುದಿಲ್ಲವಲ್ಲ?" ಎಂದೆ.

"ಬರ್ತಾರ್ರಿ. ಫೋನ್ ಮಾಡಿಸೀವಿ ಮ್ಯಾಲಿಂದ. ಸಾಹೇಬ್ರು ಬರೋತನ ಗಾಡಿ ನಿಂದರ್ತದ."

ಈ ನಂಬಿಕೆ ಎಲ್ಲಿಂದ ಬಂತೆಂದು ನನಗೆ ಗೊತ್ತು. ನಮ್ಮ ಕಡೆ ಬಸ್ಸು ನಾಯಕರಿಗಾಗಿ ಕಾಯುತ್ತಿತ್ತು. ಚಿಂಚೋಳಿಯ ಬಸ್ಸು ಒಬ್ಬ ನಾಯಕರ ಊಟ ಮುಗಿಯುವವರೆಗೆ ಹಳ್ಳಿಯ ಕಟ್ಟೆಯ ಮುಂದೆ ನಿಂತದ್ದನ್ನು, ಒಳಗಿದ್ದ ಜನ ಒಂದು ಮಾತೂ ಆಡದೆ ಕೂತದ್ದನ್ನು ನಾನೇ ಕಂಡಿದ್ದೆ. ಅದೇ ರೂಢಿಯನ್ನು ಸಮಿತಿಯವರು ಸೈನ್ಯದ ಗಾಡಿಗೂ ಹಚ್ಚಿದ್ದರು.

ಬುಧವಾರ ಹೊತ್ತಿಗೆ ಮೊದಲೇ ವಾಡಿ ಮುಟ್ಟಿದೆ. ಕಮಾನು, ತೋರಣ, ಧ್ವನಿವರ್ಧಕ ಎಲ್ಲ ಸಿದ್ಧವಾಗಿದ್ದವು. ವೇದಿಕೆಯ ಮೇಲೆ ಎತ್ತರದ ಬೆನ್ನಿನ ಎರಡು ಖುರ್ಚಿ. ಒಂದು ಖಾಲಿ ಇತ್ತು. ಇನ್ನೊಂದರಲ್ಲಿ ಭಂಕೂರಿನ ತಾಯಿ. ಸಮಿತಿಯವರು ಹೊಸ ಸೀರೆ ಉಡಿಸಿ, ಬಿಸಿಲಿಗೆಂದು ಹಿಂದೊಬ್ಬನನ್ನು ಕಪ್ಪು ಛತ್ರಿ ಹಿಡಿದು ನಿಲ್ಲಿಸಿದ್ದರು. ತೊಡೆಯ ಮೇಲೆ ಚೆಂಡು ಹೂವಿನ ಹಾರ, ಕಾಲ ಬಳಿ ಬಿಳಿ ಬಟ್ಟೆಯ ರೊಟ್ಟಿ ಗಂಟು. ಖುರ್ಚಿಯ ತುದಿಯಲ್ಲಿ, ಯಾವಾಗ ಬೇಕಾದರೂ ಎದ್ದು ಬಿಡುವವರ ಹಾಗೆ ಕೂತಿದ್ದರು.

"ಸಾಹೇಬ್ರು ಸೇಡಂ ಬಿಟ್ಟಾರ, ಚಿತ್ತಾಪುರ ಸನೇಕ ಬಂದಾರ" ಎಂದು ಕಾರ್ಯದರ್ಶಿ ಮೈಕಿನಲ್ಲಿ ಸಾರುತ್ತಿದ್ದರು. ಅದನ್ನೇ ಅವರು ಬೆಳಗಿನಿಂದ ಹೇಳುತ್ತಿದ್ದರೆಂದು ಪಕ್ಕದ ಚಹಾ ಅಂಗಡಿಯವನು ಹೇಳಿದ. ಸೇಡಂ ದಾರಿಯ ಹಳ್ಳಿಗಳಲ್ಲೆಲ್ಲ ಒಂದೊಂದು ಕಮಾನು ಕಟ್ಟಿದ್ದರು. ಪ್ರತಿ ಕಮಾನಿಗೂ ಇಳಿಯಬೇಕು, ಹಾರ ಹಾಕಿಸಿಕೊಳ್ಳಬೇಕು, ಒಂದು ಕಪ್ ಚಹಾ ಕುಡಿಯಬೇಕು. ಒಂದು ಊರಲ್ಲಿ ಇಳಿದು ಇನ್ನೊಂದರಲ್ಲಿ ಇಳಿಯದಿದ್ದರೆ ಆ ಊರಿನ ಮತ ಹೋಯಿತು.

ಗಾಡಿ ಬಂದದ್ದು ಯಾವ ಸೂಚನೆಯೂ ಇಲ್ಲದೆ. ಗೇಟು ಬಿತ್ತು, ಹೊಗೆ ಕಂಡಿತು, ನಿಧಾನವಾಗಿ ವೇದಿಕೆಯ ಮಗ್ಗುಲಿನಿಂದ ಹಾದು ನಿಲ್ದಾಣದೊಳಗೆ ಹೋಯಿತು. ಬಾಗಿಲು ಕಿಟಕಿಗಳಲ್ಲೆಲ್ಲ ಸೈನಿಕರು. ಜನ ಜಯಕಾರ ಕೂಗಿದರು. ಸೈನಿಕರು ಕೈ ಬೀಸಿದರು. ತಾಯಿ ಖುರ್ಚಿಯಿಂದ ಏಳಲಿಲ್ಲ. ಹಾದುಹೋದ ಪ್ರತಿ ಡಬ್ಬಿಗೂ ಕೈ ಮುಗಿದರು. ನನ್ನ ಸುತ್ತ ನಿಂತಿದ್ದವರಲ್ಲಿ ಕೆಲವರು ಅಳುತ್ತಿದ್ದರು. ಕಲ್ಲು ಒಡೆಯುವ ಕೆಲಸದಿಂದ ನೇರವಾಗಿ ಬಂದಿದ್ದ ಒಬ್ಬ ಮುದುಕ ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ.

ನಾನು ನಿಲ್ದಾಣದೊಳಗೆ ಓಡಿದೆ. ಮಾಸ್ತರರು ಹೇಳಿದಂತೆಯೇ ಗಾಡಿ ಕೊನೆಯ ಲೈನಿನಲ್ಲಿ ನಿಂತಿತ್ತು. ನಡುವೆ ನೆಲಕ್ಕೆ ಹಾಸುವ ಫರಸಿ ಕಲ್ಲು ತುಂಬಿದ ಗೂಡ್ಸ್ ಗಾಡಿ. ಸೇತುವೆ ಹತ್ತಿ ಇಳಿದು ಹೋಗಬೇಕು. ಊರಿನ ಹೆಂಗಸರು ಮನೆಮನೆಯಿಂದ ರೊಟ್ಟಿ ತಂದು ಮೊದಲ ಪ್ಲಾಟ್‌ಫಾರ್ಮಿನ ಮೇಲೆ ಬುಟ್ಟಿ ಇಟ್ಟುಕೊಂಡು ಕೂತಿದ್ದರು. ಅವರ ಮುಂದೆ ಹಗ್ಗ ಕಟ್ಟಿದ್ದರು. ಒಬ್ಬ ಸ್ವಯಂಸೇವಕ ಅಡ್ಡ ನಿಂತು, "ಸಾಹೇಬ್ರ ಕೈ ಮುಟ್ಟಿದ ಮ್ಯಾಲ ಹಂಚಬೇಕು" ಎನ್ನುತ್ತಿದ್ದ.

ಹಳಿ ಬದಲಿಸುವ ರೈಲ್ವೆ ಪಾಯಿಂಟ್ಸ್‌ಮನ್ನನ ಹೆಂಡತಿ ಆ ಗುಂಪಿನಲ್ಲಿದ್ದಳು. ಅವಳು ಬುಟ್ಟಿ ತಲೆಗೇರಿಸಿಕೊಂಡು ಹಗ್ಗದ ಕೆಳಗೆ ನುಸುಳಿದಳು. "ನಿಮ್ಮ ಸಾಹೇಬ್ರು ನಮ್ಮ ಒಲಿ ಮುಂದ ಕುಂತು ರೊಟ್ಟಿ ಬಡದಾರೇನೋ ತಮ್ಮಾ? ಸರಿ ಆ ಕಡಿ" ಎಂದಳು. ಉಳಿದವರೂ ಅವಳ ಹಿಂದೆ ಹೋದರು. ಸೇತುವೆಯ ಗೊಡವೆ ಅವರಿಗೆ ಇರಲಿಲ್ಲ; ನಿಂತ ಗೂಡ್ಸಿನ ಎರಡು ಡಬ್ಬಿಗಳ ನಡುವೆ ಸಾಲಾಗಿ ದಾಟಿದರು. ರೈಲ್ವೆ ಜನರ ಮನೆಯವರಿಗೆ ಅದು ದಿನದ ದಾರಿ.

ಆ ಬದಿಯಲ್ಲಿ ನಡೆದದ್ದೇ ನಿಜವಾದ ಸ್ವಾಗತ. ಪೇಟ ಕಟ್ಟಿದ ಒಬ್ಬ ಸಿಖ್ ಸೈನಿಕ ಕಡಕ್ ರೊಟ್ಟಿಯನ್ನು ಹಪ್ಪಳವೆಂದು ತಿಳಿದು, ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು ಉಳಿದದ್ದನ್ನು ಮರ್ಯಾದೆಯಿಂದ ಹಿಂದಕ್ಕೆ ಕೊಟ್ಟ. "ಏ ಭೈಯಾ, ಖಾರಾ ಹಚ್ಚಿಕೊಂಡು ತಿನ್ನೋದು ಇದು, ಊಟ, ಊಟ!" ಎಂದು ಒಬ್ಬಳು ಶೇಂಗಾ ಹಿಂಡಿಯ ಖಾರದ ಪುಡಿಯನ್ನು ರೊಟ್ಟಿಯ ಮೇಲೆ ಸುರಿದು ಕೊಟ್ಟಳು. ಅವನ ಕಣ್ಣಲ್ಲಿ ನೀರು ಬಂತು. ಡಬ್ಬಿಯೆಲ್ಲ ನಕ್ಕಿತು.

ಇದನ್ನು ಬರೆದುಕೊಳ್ಳುತ್ತಿದ್ದಾಗ ಪಾಯಿಂಟ್ಸ್‌ಮನ್ನನ ಹೆಂಡತಿ ಬಂದು, "ಸಾಹೇಬ್ರ, ಒಬ್ಬ ಫೌಜಿ 'ಭಂಕೂರದವ್ರು ಯಾರರ ಬಂದಾರೇನು' ಅಂತ ಕೇಳಕೋತ ಮುಂದಿನ ಡಬ್ಬಿ ಕಡಿ ಹೋದ. ಆ ಮುದುಕಿ ಎಲ್ಲಿ?" ಎಂದಳು.

ವೃತ್ತಿಯಲ್ಲಿ ನನಗೆ ಮೊದಲು ಕಲಿಸಿದ ಪಾಠ, ನಡೆಯುವುದನ್ನು ನೋಡಬೇಕು, ನಡೆಸಬಾರದು ಎಂಬುದು. ಅಲ್ಲಿಯವರೆಗೆ ಅದನ್ನು ಪಾಲಿಸಿದ್ದೆ. ಎಂಜಿನ್ ನೀರಿನ ಕೊಳವೆಯ ಕೆಳಗಿತ್ತು. ಮಗನ ಮುಖ ನನಗೆ ಗೊತ್ತಿರಲಿಲ್ಲ, ತಾಯಿಯದು ಗೊತ್ತಿತ್ತು. ಟಿಪ್ಪಣಿ ಪುಸ್ತಕವನ್ನು ಜೇಬಿಗೆ ಹಾಕಿ ತಾಯಿಯನ್ನು ಕರೆತರಲು ಸೇತುವೆ ಹತ್ತಿದೆ.

ವೇದಿಕೆಯ ಮೇಲೆ ಅವರು ಅದೇ ಭಂಗಿಯಲ್ಲಿದ್ದರು.

"ಅವ್ವ, ಮಗ ನಿಮ್ಮನ್ನ ಹುಡುಕ್ಲಿಕತ್ತಾನ. ಏಳ್ರಿ, ಜಲ್ದಿ" ಎಂದೆ. ಅವಸರದಲ್ಲಿ ನನ್ನ ಬಾಯಿಗೂ ಊರ ಮಾತೇ ಬಂದಿತ್ತು.

ಅವರು ಕಾರ್ಯದರ್ಶಿಯ ಮುಖ ನೋಡಿದರು.

"ಕುಂದರವ್ವ, ಕುಂದರು" ಎಂದರು ಕಾರ್ಯದರ್ಶಿ. "ಮಗನ್ನ ಇಲ್ಲಿಗೇ ಕರಕೊಂಡು ಬರ್ಲಿಕ್ಕೆ ಇಬ್ಬರನ್ನ ಕಳಿಸೀನಿ. ನೀನು ಎದ್ದು ಹೋದ ಮ್ಯಾಲ ಸಾಹೇಬ್ರು ಬಂದ್ರ ನಾ ಏನ್ ಹೇಳ್ಲಿ?" ನನ್ನ ಕಡೆಗೆ ತಿರುಗಿ, "ನೀವು ಪೇಪರದವ್ರು, ಪೇಪರದ ಕೆಲಸ ಮಾಡ್ರಿ" ಎಂದರು.

"ನಿಮ್ಮ ಇಬ್ಬರೂ ಗೇಟಿನ ಹತ್ತಿರ ಬೀಡಿ ಸೇದುತ್ತಿದ್ದಾರೆ" ಎಂದೆ. ಅದು ನಿಜವಾಗಿತ್ತು.

"ಅವ್ರು ಕೂಡು ಅಂದಾರಪ್ಪ" ಎಂದರು ತಾಯಿ ನನಗೆ. "ಮಾತು ಕೊಟ್ಟು ಎದ್ದು ಹೋದ್ರ ಹೆಂಗ? ದೊಡ್ಡವ್ರು. ಇನ್ನೇನ ಬಂದರು."

ಆಗ ಎಂಜಿನ್ ಮೊದಲ ಸಿಳ್ಳು ಹಾಕಿತು. ತಾಯಿ ಎದ್ದರು. ಹಾರವನ್ನು ಖುರ್ಚಿಯ ಮೇಲಿಟ್ಟು, ಗಂಟು ಎತ್ತಿಕೊಂಡು, ಯಾರ ಮುಖವನ್ನೂ ನೋಡದೆ ವೇದಿಕೆಯಿಂದ ಇಳಿದರು. ಕಾರ್ಯದರ್ಶಿ ಮೈಕಿನಲ್ಲಿ ಹೆಸರು ಹಿಡಿದು ಕರೆಯುತ್ತಲೇ ಇದ್ದರು. ಹೊಸ ಸೀರೆಯ ಗಂಜಿ ಇಳಿದಿರಲಿಲ್ಲ. ಮೆಟ್ಟಿಲು ಹತ್ತುವಾಗ ಕಾಲಿಗೆ ತೊಡರುತ್ತಿತ್ತು. ಸೇತುವೆಯ ನಡುವಿಗೆ ಬಂದಾಗ ಗಾಡಿ ಅಲುಗಿತು. ಅವರು ಕಂಬಿ ಹಿಡಿದು ನಿಂತರು. ಡಬ್ಬಿಗಳು ಕೆಳಗಿನಿಂದ ಒಂದೊಂದಾಗಿ ಹೋದವು. ಮೇಲಿನಿಂದ ಕಾಣುವುದು ಚಾವಣಿ ಮಾತ್ರ. ಹೊಗೆ ಮುಖಕ್ಕೆ ಬಂತು. ಕೊನೆಯ ಡಬ್ಬಿ ಹೋದ ಮೇಲೆ ನನ್ನ ಕಡೆ ತಿರುಗಿ, "ಇದರಾಗ ಇದ್ದನಲ್ಲ, ಖರೆ ಹೌದಲ್ಲ?" ಎಂದು ಕೇಳಿದರು. ಹೌದೆಂದೆ.

ನಾಯಕರ ಜೀಪು ಬಂದದ್ದು ಬಹಳ ಹೊತ್ತಿನ ಮೇಲೆ. ಕುತ್ತಿಗೆಯಲ್ಲಿ ಹಾರಗಳ ಹೊರೆ, ಮುಖದಲ್ಲಿ ಧೂಳು. ದಣಿದಿದ್ದರು. ಗಾಡಿ ಹೋದದ್ದು ಅವರಿಗೆ ಆಗಲೇ ಗೊತ್ತಿತ್ತು. "ಚಿತ್ತಾಪುರದ ಗೇಟಿನ್ಯಾಗ ನಮ್ಮ ಜೀಪು ನಿಂತಿತ್ತು. ನಮ್ಮ ಕಣ್ಣ ಮುಂದ ಹಾದು ಹೋತು" ಎಂದು ಅವರೇ ಹೇಳಿದರು. ಇದನ್ನು ಬರೆಯಲೇ ಎಂದು ಕೇಳಿದೆ. "ಬರಿಯಪ್ಪ. ನಾ ಬ್ಯಾಡ ಅನ್ನಂಗಿಲ್ಲ" ಎಂದರು.

ನೇರವಾಗಿ ತಾಯಿಯ ಬಳಿಗೆ ಹೋಗಿ ಬಗ್ಗಿ ಕಾಲು ಮುಟ್ಟಿದರು. "ತಪ್ಪಾತವ್ವ" ಎಂದರು. ಆ ಗಳಿಗೆಯಲ್ಲಿ ಜೋಳದ ಚೀಲ ಹೊತ್ತು ನಡೆದ ಮನುಷ್ಯನನ್ನೇ ಕಂಡೆನೆಂದುಕೊಂಡೆ.

ತಾಯಿ ಗಾಬರಿಯಾಗಿ ಹಿಂದೆ ಸರಿದರು. "ಅಯ್ಯ, ಹಂಗ ಮಾಡಬ್ಯಾಡ್ರಿ. ದಾರ್ಯಾಗ ನಿಮಗೇನ್ ತಕ್ಲೀಫ್ ಆತೋ ಏನೋ."

ಕಾರ್ಯದರ್ಶಿ ನಾಯಕರ ಕಿವಿಯಲ್ಲಿ ಏನೋ ಹೇಳಿದರು. ಬಂದೋಬಸ್ತಿಗೆ ನಿಂತಿದ್ದ ಗೃಹರಕ್ಷಕ ದಳದ ಒಬ್ಬ ಯುವಕನನ್ನು ಖಾಕಿ ಬಟ್ಟೆಯಲ್ಲಿಯೇ ವೇದಿಕೆಗೆ ಹತ್ತಿಸಿದರು. ಶಹಾಬಾದಿನ ಫೋಟೋ ಸ್ಟುಡಿಯೋದವನು ಕ್ಯಾಮೆರಾ ಎತ್ತಿದ.

"ನಾ ಫೌಜಿ ಅಲ್ರಿ," ಎಂದ ಯುವಕ ನಾಚಿಕೊಂಡು. "ನಂದು ಪಾನ್ ಅಂಗಡಿ ಅದ, ಎಲ್ಲಾರಿಗಿ ಗೊತ್ತದ."

"ಫೋಟೋದಾಗ ಪಾನ್ ಕಾಣಂಗಿಲ್ಲ, ನಿಂದರು" ಎಂದರು ಕಾರ್ಯದರ್ಶಿ.

ನಾನು ನಾಯಕರನ್ನು ನೋಡಿದೆ. ಅವರೂ ನನ್ನನ್ನು ನೋಡಿದರು. "ಬೆಳ್ಳಂಬೆಳಿಗ್ಗಿಂದ ದುಡದಾರ ಹುಡುಗ್ರು. ಒಂದು ಫೋಟೋ ಅಷ್ಟ" ಎಂದು ಮೆಲ್ಲಗೆ ಹೇಳಿ, ಮೇಲೆ ಹತ್ತಿ ನಡುವೆ ನಿಂತರು.

ತಾಯಿಗೆ ಹಾರ ಕೊಟ್ಟರು. ಅವರು ಒಂದು ಕ್ಷಣ ಅದನ್ನು ಹಿಡಿದುಕೊಂಡು ನಿಂತರು. ಆಮೇಲೆ ಯುವಕನಿಗೆ, "ತಲಿ ಬಗ್ಗಸಪ್ಪ, ನೀನೂ ಒಬ್ಬಾಕಿ ಮಗನೇ" ಎಂದು ಹಾಕಿದರು. ಕ್ಯಾಮೆರಾ ಮಿಂಚಿತು. ಇಳಿಯುವ ಮೊದಲು ರೊಟ್ಟಿಯ ಗಂಟನ್ನೂ ಅವನ ಕೈಗೆ ಕೊಟ್ಟರು. "ಇದನ್ನ ಹಿಡಿ. ವಾಪಸ್ ಮನಿಗಿ ಒಯ್ಯಾಂಗಿಲ್ಲ ನಾ" ಎಂದರು. ಯುವಕ ಗಂಟು ಹಿಡಿದುಕೊಂಡು ಯಾರ ಕಡೆಗೂ ನೋಡದೆ ನಿಂತ.

ಫೋಟೋದವನನ್ನು ಪಕ್ಕಕ್ಕೆ ಕರೆದು, ಪತ್ರಿಕೆಗೆ ಈ ಚಿತ್ರ ಬೇಡವೆಂದೆ. "ನಾ ಏನ್ ಮಾಡ್ಲಿ ಸಾಬ್? ಕ್ಯಾಮೆರಾ ನಂದು, ರೀಲ್ ಅವರದು" ಎಂದ.

ಚಹಾ ಅಂಗಡಿಯಲ್ಲಿ ಕೂತು ವರದಿ ಬರೆದೆ. ಗಾಡಿ ಬಂದದ್ದು, ಹೆಂಗಸರು ಹಗ್ಗ ದಾಟಿದ್ದು, ತಾಯಿ ಸೇತುವೆಯ ಮೇಲೆ ನಿಂತದ್ದು, ನಾಯಕರು ತಡವಾಗಿ ಬಂದದ್ದು, ಊರಿನ ಹೆಸರಿಲ್ಲದೆ ಗೇಟಿನ ಮಾತು, ಫೋಟೋ ಹೇಗೆ ತೆಗೆಯಲಾಯಿತೆಂಬುದು. ವಿಶೇಷಣಗಳನ್ನು ಹೊಡೆದುಹಾಕಿದೆ. ಪಡೆಯ ಹೆಸರು, ದಿಕ್ಕು ಬರೆಯಲಿಲ್ಲ. ಲಕೋಟೆಯನ್ನು ಗಾರ್ಡನ ಕೈಗೆ ಕೊಟ್ಟು ತಾರಿನ ಕಚೇರಿಗೆ ಹೋಗಿ, ವಾಡಿಯ ಚಿತ್ರ ಬಂದರೆ ಬಳಸಬಾರದು, ಅದರಲ್ಲಿರುವವನು ಸೈನಿಕನಲ್ಲ ಎಂದು ತಾರು ಕೊಟ್ಟೆ. ಮಾಸ್ತರರು ಈ ಸಲ ಓದಿ ನಗಲಿಲ್ಲ.

ಶುಕ್ರವಾರದ ಪತ್ರಿಕೆ ನಮ್ಮಲ್ಲಿಗೆ ಬಂದದ್ದು ಶನಿವಾರ. ಮೊದಲ ಪುಟದಲ್ಲಿ ನಾಲ್ಕು ಅಂಕಣದ ಚಿತ್ರವಿತ್ತು. ಗಡಿಯಿಂದ ಮರಳಿದ ಮಗನಿಗೆ ತಾಯಿ ಹಾರ ಹಾಕುತ್ತಿರುವುದಾಗಿಯೂ ನಾಯಕರು ಹರ್ಷದಿಂದ ನೋಡುತ್ತಿರುವುದಾಗಿಯೂ ಅಡಿಬರಹ. ನನ್ನ ವರದಿಯಲ್ಲಿ ಉಳಿದದ್ದು, ವಾಡಿಯ ಮಹಿಳೆಯರು ಯೋಧರಿಗೆ ರೊಟ್ಟಿ ಹಂಚಿದರೆಂಬ ಒಂದು ಸಾಲು.

ಟ್ರಂಕ್ ಕಾಲ್ ಹಾಕಿ ಸುದ್ದಿ ಸಂಪಾದಕರನ್ನು ಹಿಡಿದೆ. ನನಗೆ ಕೆಲಸ ಕಲಿಸಿದವರೇ ಅವರು.

"ನಿನ್ನ ತಾರು ತಡಾ ಆಗಿ ಬಂತು. ಚಿತ್ರದ ಅಚ್ಚಿನ ಬ್ಲಾಕ್ ಅದಕ್ಕಿಂತ ಮೊದಲೇ ಆಗಿತ್ತು. ಸಮಿತಿಯವರು ಜೀಪಿನಾಗ ಕಳಿಸಿದ್ರು" ಎಂದರು.

"ಬ್ಲಾಕ್ ತೆಗೆಯಬಹುದಿತ್ತಲ್ಲ?"

"ತೆಗೀಬಹುದಿತ್ತು."

"ನನ್ನ ವರದಿ?"

"ಅದರಾಗ ಮಿಲಿಟರಿ ಗಾಡಿ ಇತ್ತಲ್ಲೋ. ಆದೇಶ ನಿನಗ ಗೊತ್ತೈತಲ್ಲ. ಗಾಡಿ ತೆಗೆದ ಮ್ಯಾಲ ನಿನ್ನ ಸುದ್ದ್ಯಾಗ ಏನೂ ಉಳಿಯೂದಿಲ್ಲ."

ಚಿತ್ರದ ಅಡಿಬರಹದಲ್ಲಿಯೂ ಗಡಿಯಿಂದ ಮರಳಿದ್ದು ಇತ್ತಲ್ಲ ಎಂದು ಕೇಳಿದೆ. ಅವರು ಉತ್ತರ ಕೊಡುವ ಮೊದಲು ಲೈನು ಕಡಿದುಹೋಯಿತು. ತಿದ್ದುಪಡಿ ಹಾಕಬೇಕೆಂದು ಪತ್ರ ಬರೆದೆ. ಉತ್ತರವಿಲ್ಲ. ಮತ್ತೊಂದು ಬರೆದೆ. ಮೂರನೆಯದರ ಜೊತೆಗೆ ರಾಜೀನಾಮೆ ಇಡಬೇಕೆಂದು ಒಂದು ಇಡೀ ಸಂಜೆ ಯೋಚಿಸಿದೆ. ಇಡಲಿಲ್ಲ. ತಿದ್ದುಪಡಿ ಬಂದ ಮೇಲೂ ಕೆಲಸ ಬಿಡುವ ದಾರಿ ಇತ್ತು, ಬರುವ ಮೊದಲೇ ಬಿಟ್ಟರೆ ಅದನ್ನು ಕೇಳುವವರು ಯಾರೂ ಇರುತ್ತಿರಲಿಲ್ಲ. ಅದುವರೆಗೆ ಮಾಮೂಲಿನಂತೆ ಸಭೆಗಳಿಗೆ ಹೋದೆ. ಎರಡು ಸಭೆಗಳಲ್ಲಿ ನಾಯಕರು ವಾಡಿಯಲ್ಲಿ ತಾಯಿ ಮಗನಿಗೆ ಹಾರ ಹಾಕಿದ ಪ್ರಸ್ತಾಪ ಮಾಡಿದರು. ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆದು ಕಳಿಸಿ, ಹೇಳಿದ ಸಂಗತಿ ನಡೆದಿಲ್ಲವೆಂದು ಕೆಳಗೆ ಒಂದು ಸಾಲು ಸೇರಿಸಿದೆ. ಎರಡು ಸಲವೂ ಅಚ್ಚಿನಲ್ಲಿ ಆ ಸಾಲು ಇರಲಿಲ್ಲ.

ಮಾರ್ಚಿನಲ್ಲಿ ಮತದಾನವಾಯಿತು. ನಾಯಕರು ಗೆದ್ದರು. ಫಲಿತಾಂಶ ಬಂದ ವಾರದಲ್ಲಿ ಒಳಪುಟದ ಕೆಳಗಿನ ಮೂಲೆಯಲ್ಲಿ, ವಾಡಿಯ ಚಿತ್ರದಲ್ಲಿದ್ದವರು ಗೃಹರಕ್ಷಕ ದಳದವರೆಂದು ಎರಡು ಸಾಲಿನ ತಿದ್ದುಪಡಿ ಅಚ್ಚಾಯಿತು. ಮಾರುಕಟ್ಟೆಯ ಜೋಳದ ಧಾರಣೆಯ ಪಕ್ಕದಲ್ಲಿತ್ತು.

ಮೇ ತಿಂಗಳಲ್ಲಿ ಮಗ ರಜೆಯ ಮೇಲೆ ಬಂದ. ಊರಿಗೆ ಬಂದ ಎರಡನೆಯ ವಾರ ಶಹಾಬಾದಿನ ನನ್ನ ಕೋಣೆ ಹುಡುಕಿಕೊಂಡು ಬಂದ. ಕಡಿಮೆ ಮಾತಿನ, ಗಟ್ಟಿಮುಟ್ಟಾದ ಯುವಕ. ಜೇಬಿನಿಂದ ಪತ್ರಿಕೆಯ ತುಣುಕು ತೆಗೆದು ಮೇಜಿನ ಮೇಲಿಟ್ಟ. ಅವನ ಪಡೆಯಲ್ಲಿದ್ದ ಧಾರವಾಡದ ಕಡೆಯ ಸಿಪಾಯಿಗೆ ಮನೆಯವರು ಕಳಿಸಿದ ಪೊಟ್ಟಣಕ್ಕೆ ಇದೇ ಹಾಳೆ ಸುತ್ತಿತ್ತಂತೆ.

"ಇಂವ ಯಾರ್ರಿ ಸಾಹೇಬ್ರ, ನಮ್ಮವ್ವನ ಹೊಸ ಮಗ?" ಎಂದು ಕೇಳಿ ನಕ್ಕ. "ಪಲ್ಟನ್ಯಾಗ ಎಲ್ಲಾರೂ ಕೇಳಿದ್ರು. 'ನಿನ್ನ ಜಾಗಾ ಖಾಲಿ ಇಲ್ಲಪ್ಪ ಇನ್ನ' ಅಂತ ಕಾಡಿಸಿದ್ರು."

ನಡೆದದ್ದೆಲ್ಲವನ್ನೂ ಹೇಳಿದೆ. ತಾಯಿಯೂ ಹೇಳಿದ್ದರಂತೆ, ನಾಯಕರ ಮೇಲೆ ಒಂದು ಮಾತೂ ಆಡದೆ, ಗಾಡಿ ಜಲ್ದಿ ಹೋಯಿತೆಂದು ಮಾತ್ರ. ಚಹಾ ತರಿಸಿದೆ. ಕುಡಿದು ಮುಗಿಸಿ ತುಣುಕನ್ನು ತನ್ನ ಕಡೆಗೆ ತಿರುಗಿಸಿಕೊಂಡ.

"ಗಾಡಿ ಒಳಗ ಬರಾಗ ನಾ ಬಾಗಲದಾಗ ನಿಂತಿದ್ದೆ," ಎಂದ. "ಸ್ಟೇಜ್ ಕಂಡಿತು. ಯಾರೋ ಒಬ್ಬಾಕಿ ದೊಡ್ಡ ಖುರ್ಚಿ ಮ್ಯಾಲ ಕುಂತಿದ್ದಳು, ಹಿಂದ ಛತ್ರಿ ಹಿಡಕೊಂಡಿದ್ರು. ನೆರಳಾಗ ಮುಖ ಕಾಣಲಿಲ್ಲ. ಯಾವನೋ ಲೀಡರನ ತಾಯಿ ಇರ್ಬೇಕು ಅಂದ್ಕೊಂಡೆ. ಕೈ ಮುಗಿದ್ಳು. ಎಲ್ಲಾರೂ ಕೈ ಬೀಸಿದ್ರು, ನಾನೂ ಬೀಸಿದೆ." ಖಾಲಿ ಕಪ್ಪನ್ನು ಪಕ್ಕಕ್ಕೆ ಸರಿಸಿ, "ನಮ್ಮವ್ವ ಖುರ್ಚಿ ಮ್ಯಾಲ ಕುಂತದ್ದು ನಾ ಎಂದೂ ನೋಡಿದ್ದಿಲ್ರಿ" ಎಂದ.

ಎದ್ದು ಹೊರಡುವಾಗ ತುಣುಕನ್ನು ಅಲ್ಲಿಯೇ ಬಿಟ್ಟ. "ಇದನ್ನ ಅವ್ವಗ ಹೇಳಬ್ಯಾಡ್ರಿ" ಎಂದ.

ಆ ತಾಯಿ ಕಳೆದ ವರ್ಷ ಶ್ರಾವಣದಲ್ಲಿ ಭಂಕೂರಿನಲ್ಲಿ ತೀರಿಕೊಂಡರು. ಮಗ ಸೈನ್ಯದ ಸೇವೆ ಮುಗಿಸಿ ಬಂದು ಅವರ ಜೊತೆಯಲ್ಲಿಯೇ ಇದ್ದ. ಮಣ್ಣಿಗೆ ಹೋದಾಗ, ಗಾಡಿಯ ಬಾಗಿಲಿನಿಂದ ಕಂಡದ್ದನ್ನು ಅವರಿಗೆ ಎಂದಾದರೂ ಹೇಳಿದ್ದೆಯಾ ಎಂದು ಕೇಳಿದೆ. ಹೇಳಿರಲಿಲ್ಲ.